ಓದುಗರ ಪ್ರಶ್ನೆ, ನಮ್ಮ ಉತ್ತರ: ಮಣ್ಣು ಉಳಿಸಿದ ಹಣ ಯಾರ ಖಾತೆಗೆ?

ಜಮೀನಿನ ಮಣ್ಣು, ನೀರು ಮತ್ತು ಮರಗಳನ್ನು ಉಳಿಸುವ ಕೆಲಸಕ್ಕೆ ಸರ್ಕಾರ ಕೊಡುವ ಸಹಾಯಧನದ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಬರೆದವರ ಕೋರಿಕೆಯಂತೆ ಅವರ ಹೆಸರನ್ನು ಬಿಟ್ಟು ತಾಲ್ಲೂಕನ್ನು ಮಾತ್ರ ಕೊಡಲಾಗಿದೆ.

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಅಮೆರಿಕದ ಅಯೋವಾ ರಾಜ್ಯದಲ್ಲಿದ್ದಾಳೆ. ಅಲ್ಲಿ ಜಮೀನಿನ ಮಾಲೀಕರು ಹೊಲವನ್ನು ಉಳದೆ ಹುಲ್ಲು ಬೆಳೆಯಲು ಬಿಟ್ಟರೆ ಸರ್ಕಾರವೇ ವರ್ಷವರ್ಷವೂ ಹಣ ಕೊಡುತ್ತದೆಂದೂ, ಯಾರಿಗೆ ಎಷ್ಟು ಸಂದಿತೆಂಬುದು ಊರಿಗೆಲ್ಲ ತಿಳಿಯುತ್ತದೆಂದೂ ಹೇಳುತ್ತಾಳೆ. ಇದು ನಿಜವೇ? ನಮಗಿರುವ ನಾಲ್ಕು ಎಕರೆ ಖುಷ್ಕಿಯಲ್ಲಿ ಎರಡು ಎಕರೆ ಇಳಿಜಾರಿನ ನೆಲವಾಗಿದ್ದು, ಆಳು ಸಿಗದೆ ಮೂರು ವರ್ಷದಿಂದ ಬೀಳು ಬಿದ್ದಿದೆ. ಅದಕ್ಕೆ ನಮ್ಮ ಸರ್ಕಾರದಿಂದ ಏನಾದರೂ ಬರುವುದೇ?
(ಕಡೂರು ತಾಲ್ಲೂಕು)

ಉತ್ತರ: ನಿಮ್ಮ ಮಗಳು ಹೇಳಿರುವುದು ನಿಜ. ಅಮೆರಿಕದಲ್ಲಿ 1985ರ ಆಹಾರ ಭದ್ರತಾ ಕಾಯ್ದೆಯ ಮೂಲಕ ಬಂದ ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ ಎಂಬ ಯೋಜನೆಯಲ್ಲಿ, ಮಣ್ಣು ಸುಲಭವಾಗಿ ಕೊಚ್ಚಿಹೋಗುವಂಥ ನೆಲವನ್ನು ಬೇಸಾಯದಿಂದ ಬಿಡಿಸಿ ಹುಲ್ಲು ಅಥವಾ ಮರ ಬೆಳೆಸಲು ಒಪ್ಪುವ ಮಾಲೀಕನೊಂದಿಗೆ ಸರ್ಕಾರ 10ರಿಂದ 15 ವರ್ಷಗಳ ಒಪ್ಪಂದ ಮಾಡಿಕೊಳ್ಳುತ್ತದೆ. ಆ ಕೌಂಟಿಯಲ್ಲಿ ಮಳೆಯಾಶ್ರಿತ ಜಮೀನಿಗೆ ನಡೆಯುತ್ತಿರುವ ಗುತ್ತಿಗೆ ದರವನ್ನು ನೋಡಿ ಎಕರೆಗೆ ಇಷ್ಟೆಂದು ವರ್ಷಕ್ಕೊಮ್ಮೆ ಬಾಡಿಗೆ ಕೊಡುವುದಲ್ಲದೆ, ಹುಲ್ಲು ಬಿತ್ತುವ ಮತ್ತು ಗಿಡ ನೆಡುವ ಖರ್ಚಿನಲ್ಲಿ ಅರ್ಧದವರೆಗೂ ಭರಿಸುತ್ತದೆ. ಕೌಂಟಿ ಎಂದರೆ ಅಲ್ಲಿನ ಆಡಳಿತ ವಿಭಾಗ. ನಮ್ಮ ತಾಲ್ಲೂಕು ಅಥವಾ ಜಿಲ್ಲೆಯಂತೆ ಭಾವಿಸಬಹುದು. ಅರ್ಜಿ ಹಾಕುವುದು ಸ್ಥಳೀಯ ಫಾರ್ಮ್ ಸರ್ವಿಸ್ ಏಜೆನ್ಸಿ ಕಚೇರಿಯಲ್ಲಿ. ಒಪ್ಪಂದ ಮುರಿದು ನಡುವೆ ಉತ್ತವರು ಪಡೆದ ಹಣವನ್ನು ಬಡ್ಡಿಸಮೇತ ಹಿಂದಿರುಗಿಸಬೇಕು.

ಆ ದೇಶ ಈ ದಾರಿಗೆ ಬಂದದ್ದು ದೊಡ್ಡ ಪೆಟ್ಟು ತಿಂದ ಮೇಲೆ. 1930ರ ದಶಕದಲ್ಲಿ, ಹುಲ್ಲುಗಾವಲನ್ನು ಮಿತಿಯಿಲ್ಲದೆ ಉತ್ತು ಗೋಧಿ ಬಿತ್ತಿದ್ದ ಬಯಲು ಪ್ರದೇಶದಲ್ಲಿ ಬರಗಾಲ ಬಿದ್ದಾಗ, ಸಡಿಲಗೊಂಡ ಮಣ್ಣು ಧೂಳಿನ ಗೋಡೆಯಾಗಿ ಎದ್ದು ಊರೂರುಗಳನ್ನೇ ಮುಚ್ಚಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನಿಂದ ಹಗಲೇ ಕತ್ತಲಾದದ್ದನ್ನು ಅಲ್ಲಿನವರು ಇಂದಿಗೂ ಕಪ್ಪು ಭಾನುವಾರ ಎಂದೇ ಕರೆಯುತ್ತಾರೆ. ಅದೇ ತಿಂಗಳ 27ರಂದು ಮಣ್ಣು ಸಂರಕ್ಷಣೆಯ ಕಾಯ್ದೆ ಜಾರಿಗೆ ಬಂತು. ಜಮೀನು ಖಾಸಗಿಯವರದ್ದಾದರೂ ಅದರ ಮೇಲ್ಮಣ್ಣು ಇಡೀ ದೇಶದ ಸೊತ್ತು ಎಂಬ ತಿಳಿವಳಿಕೆ ಅಲ್ಲಿ ಬೇರೂರಿದ್ದು ಆ ಧೂಳಿನ ನಂತರ.

ಆದರೆ ಈ ಯೋಜನೆಗೂ ಮಿತಿಗಳಿವೆ. 2007ರಲ್ಲಿ 3 ಕೋಟಿ 68 ಲಕ್ಷ ಎಕರೆ ನೆಲ ಈ ಒಪ್ಪಂದದಡಿ ಇತ್ತು. ಮುಂದೆ ಎಥೆನಾಲ್ ತಯಾರಿಕೆಗಾಗಿ ಮೆಕ್ಕೆಜೋಳದ ಬೆಲೆ ಏರಿದಾಗ, ಒಪ್ಪಂದ ಮುಗಿದ ಎಷ್ಟೋ ರೈತರು ಅದನ್ನು ಮುಂದುವರಿಸದೆ ಹುಲ್ಲು ಉತ್ತು ಮತ್ತೆ ಬಿತ್ತನೆಗೆ ಇಳಿದರು. ಇಲ್ಲಿ ಗಮನಿಸಬೇಕಾದುದೆಂದರೆ, ಸರ್ಕಾರ ಕೊಳ್ಳುವುದು ಮಣ್ಣಿನ ವಿಶ್ರಾಂತಿಯನ್ನೇ ಹೊರತು ಮಾಲೀಕನ ಮನಸ್ಸನ್ನಲ್ಲ. ಬೆಲೆ ಬದಲಾದರೆ ವಿಶ್ರಾಂತಿಯೂ ಮುಗಿಯುತ್ತದೆ. ಒಂದು ಕೌಂಟಿಯ ಬೇಸಾಯದ ನೆಲದಲ್ಲಿ ಸಾಮಾನ್ಯವಾಗಿ ಶೇ 25ಕ್ಕಿಂತ ಹೆಚ್ಚನ್ನು ಸೇರಿಸುವಂತಿಲ್ಲ ಎಂಬ ನಿಯಮವೂ ಇದೆ. ಹೊಲಗಳೆಲ್ಲ ಹುಲ್ಲಾದರೆ ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ರಿಪೇರಿಯವನು, ಕೂಲಿಯವರು ಎಲ್ಲರೂ ಊರು ಬಿಡಬೇಕಾಗುತ್ತದೆ ಎಂಬ ಕಾಳಜಿ ಅದರ ಹಿಂದಿದೆ. ಒಬ್ಬರಿಗೆ ವರ್ಷಕ್ಕೆ ಕೊಡುವ ಬಾಡಿಗೆಗೂ 50,000 ಡಾಲರ್ ಮಿತಿಯಿದೆ. ಹಣ ಪಡೆದವರ ಹೆಸರು ಮತ್ತು ಮೊತ್ತವನ್ನು ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ ಸರ್ಕಾರಿ ದಾಖಲೆಗಳಿಂದ ಪಡೆದು ಕೌಂಟಿವಾರು ಪ್ರಕಟಿಸುತ್ತಿರುವುದರಿಂದ, ಪಕ್ಕದ ಜಮೀನಿನವರಿಗೆ ಎಷ್ಟು ಬಂತೆಂದು ಯಾರು ಬೇಕಾದರೂ ನೋಡಬಹುದು.

ಇನ್ನು ನಿಮ್ಮ ಎರಡು ಎಕರೆಯ ಮಾತು. ಬೀಳು ಬಿಟ್ಟ ನೆಲಕ್ಕೆ, ಬಿಟ್ಟಿದ್ದೇವೆಂಬ ಕಾರಣಕ್ಕೆ ಬಾಡಿಗೆ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿಲ್ಲ. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ ಮೂರು ಕಂತಿನಲ್ಲಿ ಬರುವ 6,000 ರೂಪಾಯಿ ಜಮೀನುಳ್ಳ ರೈತ ಕುಟುಂಬಕ್ಕೆ ಸಲ್ಲುವ ಹಣವಾಗಿದ್ದು, ಮಣ್ಣು ಉಳಿಯಿತೋ ಹೋಯಿತೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಸಂರಕ್ಷಣೆಯ ಹೆಸರಿನಲ್ಲಿ ಬರುವ ಹಣ ಬಹುಪಾಲು ಕಾಮಗಾರಿಗೆ ಬರುತ್ತದೆ. ಬದು ಹಾಕಿದರೆ, ಹೊಂಡ ತೋಡಿದರೆ, ಹನಿ ನೀರಾವರಿಯ ಪೈಪು ಎಳೆದರೆ ಒಮ್ಮೆ ಹಣ ಬರುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಹಾಕಿದ ಬದುವನ್ನು ಹತ್ತು ವರ್ಷ ಕಾಯ್ದುಕೊಂಡವನಿಗೂ, ಮರುವರ್ಷವೇ ಟ್ರ್ಯಾಕ್ಟರ್ ತಿರುಗಿಸಲು ಅಡ್ಡಿಯೆಂದು ಕಿತ್ತವನಿಗೂ ಸರ್ಕಾರದ ಕಡತದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಮೆರಿಕದವರ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಒಂದು ಫಾರ್ಮಿನ ಸರಾಸರಿ ವಿಸ್ತೀರ್ಣವೇ 2022ರ ಗಣತಿಯಂತೆ 463 ಎಕರೆ. ಎರಡು ಎಕರೆ ರಾಗಿ ಹೊಲವನ್ನು ಹತ್ತು ವರ್ಷ ಬಿಟ್ಟರೆ ಇಲ್ಲಿ ಮನೆ ನಡೆಯುವುದಿಲ್ಲ. ಆದರೆ ಉಳಿಸಿಕೊಂಡ ವರ್ಷಗಳಿಗೆ ಹಣ ಎಂಬ ಒಂದು ತತ್ವವನ್ನು ಮಾತ್ರ ನಾವು ಅವರಿಂದ ಪಡೆಯಬಹುದು.

ಆ ತತ್ವಕ್ಕೆ ಹತ್ತಿರವಿರುವ ಯೋಜನೆಯೊಂದು ನಮ್ಮಲ್ಲೂ ಇದೆ. ಅದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಅದರ ವಿವರ ಮುಂದಿನ ಉತ್ತರದಲ್ಲಿದೆ. ನಿಮ್ಮ ಇಳಿಜಾರಿಗೆ ಅದು ಹೊಂದುತ್ತದೆ. ಮೊದಲು ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯಲ್ಲಿ ಬದು ಹಾಕಿಸಿ, ಬದುವಿನ ಗುಂಟ ಹೊಂಗೆಯನ್ನೋ ಹೆಬ್ಬೇವನ್ನೋ ನೆಟ್ಟು, ನಡುವಿನ ನೆಲವನ್ನು ಹುಲ್ಲಿಗೆ ಬಿಡಿ. ಬೀಳು ಎಂದು ಬಿಟ್ಟ ನೆಲದಲ್ಲಿ ದನ ಬಿದ್ದು ಮೇದರೆ ಮಣ್ಣು ಉಳಿಯುವುದಿಲ್ಲ. ಹುಲ್ಲನ್ನು ಕೊಯ್ದು ಹಾಕುವುದು ಬೇರೆ, ಮೇಯಿಸುವುದು ಬೇರೆ.

ಪ್ರಶ್ನೆ: ಎರಡು ಎಕರೆಯಲ್ಲಿ 320 ಗಿಡ ನೆಟ್ಟಿದ್ದೇನೆ. ಅದರಲ್ಲಿ 220 ಹೆಬ್ಬೇವನ್ನು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ತಂದದ್ದು. 100 ಸಿಲ್ವರ್ ಓಕನ್ನು ಖಾಸಗಿಯವರಿಂದ ಕೊಂಡದ್ದು. ಮೊದಲ ವರ್ಷ ಹೆಬ್ಬೇವಿಗೆ ಮಾತ್ರ ಹಣ ಬಂತು. ಎರಡನೆಯ ವರ್ಷ ಎಣಿಸಲು ಯಾರೂ ಬರಲಿಲ್ಲ, ಹಣವೂ ಇಲ್ಲ. ಕಚೇರಿಗೆ ನಾಲ್ಕು ಸಲ ಹೋಗಿ ಬಂದೆ.
(ಬೇಲೂರು ತಾಲ್ಲೂಕು)

ಉತ್ತರ: 2011–12ರಲ್ಲಿ ಆರಂಭವಾದ ಈ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹಣ ಬರುವುದು ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ. ಪರಿಷ್ಕೃತ ದರದಂತೆ ಮೊದಲ ವರ್ಷದ ಕೊನೆಗೆ ಬದುಕಿರುವ ಪ್ರತಿ ಗಿಡಕ್ಕೆ 35 ರೂಪಾಯಿ, ಎರಡನೆಯ ವರ್ಷಕ್ಕೆ 40, ಮೂರನೆಯ ವರ್ಷಕ್ಕೆ 50, ಹೀಗೆ ಒಟ್ಟು 125 ರೂಪಾಯಿ. ಹೆಕ್ಟೇರಿಗೆ 400 ಗಿಡಗಳ ಮಿತಿಯಿದೆ. ಎಕರೆಗೆ ಸುಮಾರು 160 ಎಂದು ಲೆಕ್ಕವಿಡಿ. ನಿಮ್ಮ 220 ಹೆಬ್ಬೇವಿನಲ್ಲಿ ಮೊದಲ ವರ್ಷ 210, ಎರಡನೆಯ ವರ್ಷ 190, ಮೂರನೆಯ ವರ್ಷ 180 ಉಳಿದವೆಂದು ಇಟ್ಟುಕೊಂಡರೆ, ಕ್ರಮವಾಗಿ 7,350, 7,600 ಮತ್ತು 9,000 ಸೇರಿ 23,950 ರೂಪಾಯಿ ಬರಬೇಕು. ವರ್ಷ ಕಳೆದಂತೆ ಗಿಡ ಕಡಿಮೆಯಾದರೂ ಹಣ ಏರುತ್ತ ಹೋಗುವಂತೆ ದರವನ್ನು ಹೆಣೆದಿರುವುದು ನನಗೆ ತುಂಬ ಸರಿಯೆನಿಸಿದೆ. ನೆಡುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಮೂರನೆಯ ಬೇಸಿಗೆಯಲ್ಲಿ ಬುಡಕ್ಕೆ ಬಿಂದಿಗೆ ನೀರು ಹೊರುವವರಿಗೆ ಹೆಚ್ಚು ಸಲ್ಲಬೇಕು.

ಸಿಲ್ವರ್ ಓಕಿಗೆ ಹಣ ಬಾರದಿರುವುದು ತಪ್ಪಲ್ಲ. ಸಿಲ್ವರ್ ಓಕ್, ನೀಲಗಿರಿ, ಅಕೇಶಿಯಾ, ಸರ್ವೆ, ರಬ್ಬರ್, ಹಾಗೆಯೇ ತೆಂಗು, ಅಡಿಕೆ, ಕಾಫಿಯಂಥ ತೋಟದ ಬೆಳೆಗಳು ಪ್ರೋತ್ಸಾಹಧನದ ಪಟ್ಟಿಯಿಂದ ಹೊರಗಿವೆ. ಜೊತೆಗೆ, ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಪಡೆದ ಸಸಿಗಳಿಗೇ ಈ ಯೋಜನೆ ಅನ್ವಯಿಸುತ್ತದೆ.

ಎರಡನೆಯ ವರ್ಷದ ಹಣಕ್ಕೆ ನೀವು ಬಾಯಿಮಾತಿನಲ್ಲಿ ಕೇಳುವುದನ್ನು ಇಂದೇ ನಿಲ್ಲಿಸಿ. ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತ ಅರ್ಜಿ ಬರೆದು, ಮೊದಲ ವರ್ಷದ ನೋಂದಣಿಯ ವಿವರ, ಪಹಣಿ, ಆಧಾರ್ ಮತ್ತು ಪಾಸ್‌ಬುಕ್ಕಿನ ಪ್ರತಿ, ಹೊಲದ ನಾಲ್ಕೂ ಮೂಲೆಗಳಿಂದ ತೆಗೆದ ದಿನಾಂಕಸಹಿತ ಫೋಟೋಗಳನ್ನು ಲಗತ್ತಿಸಿ, ನಿಮ್ಮಲ್ಲಿ ಉಳಿಯುವ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಇನ್ನೊಂದು ಪ್ರತಿಯನ್ನು ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಎಣಿಕೆ ಮುಗಿಯುವವರೆಗೆ ಗಿಡ ತೆಳುಗೊಳಿಸುವ ಕೆಲಸಕ್ಕೆ ಕೈಹಾಕಬೇಡಿ.

ಇದರೊಂದಿಗೆ ಬ್ಯಾಂಕಿನಲ್ಲೂ ವಿಚಾರಿಸಿ. ಎಣಿಕೆ ಆಗಿ, ಬಿಲ್ಲೂ ಆಗಿ, ಹಣ ಮಾತ್ರ ಖಾತೆ ಸೇರದೆ ಹಿಂದಿರುಗುವುದುಂಟು. ನಮ್ಮ ಎರಡೂ ಜಿಲ್ಲೆಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳಲ್ಲಿ ಖಾತೆ ಇಟ್ಟವರು ಬಹಳ. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲೂ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ವಿಲೀನವಾದ ಮೇಲೆ ಐಎಫ್‌ಎಸ್‌ಸಿ ಸಂಖ್ಯೆಗಳು ಬದಲಾಗಿವೆ. ಹಳೆಯ ಪಾಸ್‌ಬುಕ್ಕಿನ ಪ್ರತಿಯನ್ನೇ ಅರ್ಜಿಗೆ ಲಗತ್ತಿಸುವವರು ಈಗಲೂ ಇದ್ದಾರೆ. ನೇರ ವರ್ಗಾವಣೆಯ ಹಣ ಯಾವ ಖಾತೆಗೆ ಹೋಗುತ್ತದೆಂಬುದು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದನ್ನು ಅವಲಂಬಿಸಿರುವುದರಿಂದ, ನೀವು ಮರೆತೇಬಿಟ್ಟಿರುವ ಇನ್ನೊಂದು ಖಾತೆಯಲ್ಲಿ ಹಣ ಬಿದ್ದಿರಲೂಬಹುದು.

ಪ್ರಶ್ನೆ: ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಅಜ್ಜನ ಕಾಲದ ಅತ್ತಿ, ಬಸರಿ, ನಂದಿ, ಹಲಸಿನ ಮರಗಳನ್ನೇ ನೆರಳಿಗೆ ಉಳಿಸಿಕೊಂಡಿದ್ದೇವೆ. ಸುತ್ತಲಿನವರು ಅವನ್ನು ತೆಗೆದು ಸಿಲ್ವರ್ ಓಕ್ ಹಾಕಿ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಉಳಿಸಿಕೊಂಡವರಿಗೆ ಸರ್ಕಾರದಿಂದ ಏನೂ ಇಲ್ಲವೇ?
(ಮೂಡಿಗೆರೆ ತಾಲ್ಲೂಕು)

ಉತ್ತರ: ಇಲ್ಲ. ಇದನ್ನು ಬರೆಯಲು ನನಗೆ ಬೇಸರವಾಗುತ್ತದೆ. ಮೇಲೆ ಹೇಳಿದ ಯೋಜನೆಯೂ ಹೊಸ ಸಸಿಗೆ ಹಣ ಕೊಡುತ್ತದೆಯೇ ಹೊರತು ನೂರು ವರ್ಷದ ಮರಕ್ಕೆ ಕೊಡುವುದಿಲ್ಲ. ಅಷ್ಟೇ ಅಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಿಲ್ವರ್ ಓಕನ್ನು ಕಡಿಯಲು ಅನುಮತಿ ಬೇಕಿಲ್ಲ. ಕಾಡುಜಾತಿಯ ನಂದಿಯನ್ನೋ ಹಲಸನ್ನೋ ಕಡಿಯಬೇಕೆಂದರೆ ಅನುಮತಿ ಬೇಕು. ಕಾಯ್ದೆಯ ಉದ್ದೇಶ ಒಳ್ಳೆಯದೇ. ಆದರೆ ಅದರ ಫಲ ತೋಟದಲ್ಲಿ ಹೇಗೆ ಕಂಡಿತೆಂದರೆ, ಕಡಿಯಲು ಕಚೇರಿ ಅಲೆಯಬೇಕಾದ ಮರವನ್ನು ಹೊಸದಾಗಿ ಯಾರೂ ನೆಡಲಿಲ್ಲ. ಬೇಕೆಂದಾಗ ಮಾರಬಹುದಾದ ಆಸ್ಟ್ರೇಲಿಯಾ ಮೂಲದ ಮರ ಮಲೆನಾಡಿನ ತೋಟಗಳನ್ನೆಲ್ಲ ಆವರಿಸಿತು. ಅತ್ತಿ, ಬಸರಿಯ ಎಲೆ ಉದುರಿ ಕೊಳೆತು ಗೊಬ್ಬರವಾಗುವ ಬಗೆಯನ್ನೂ, ಸಿಲ್ವರ್ ಓಕಿನ ಎಲೆ ಗರಿಗರಿಯಾಗಿ ವರ್ಷಗಟ್ಟಲೆ ಹಾಗೆಯೇ ಬಿದ್ದಿರುವುದನ್ನೂ ಬಲ್ಲ ನಿಮಗೆ ನಾನು ಹೆಚ್ಚು ಹೇಳಬೇಕಾದ್ದಿಲ್ಲ.

ಸದ್ಯಕ್ಕೆ ನಿಮ್ಮ ನೆರಳಿಗೆ ಬೆಲೆ ಕಟ್ಟುವವರು ಮಾರುಕಟ್ಟೆಯವರು ಮಾತ್ರ. ರೈನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರ ಪಡೆದ ತೋಟದ ಕಾಫಿಗೆ ಕೆಲವು ಕೊಳ್ಳುವವರು ಹೆಚ್ಚುವರಿ ದರ ಕೊಡುತ್ತಾರೆ. ಒಬ್ಬರೇ ಮಾಡಿಸಿಕೊಂಡರೆ ಖರ್ಚು ಹೆಚ್ಚು. ಅಕ್ಕಪಕ್ಕದ ಸಣ್ಣ ಬೆಳೆಗಾರರು ಗುಂಪಾಗಿ ಸೇರಿದರೆ ನಿಭಾಯಿಸಬಹುದು.

ಪ್ರಶ್ನೆ: ಊರಿನ ಒಬ್ಬರ ಎರಡು ಎಕರೆಯನ್ನು ಎಂಟು ವರ್ಷದಿಂದ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ, ಮಾಡುತ್ತಿದ್ದೇನೆ. ಅದಕ್ಕೂ ಮೊದಲು ಅವರು ಶುಂಠಿಗೆ ಗುತ್ತಿಗೆ ಕೊಟ್ಟು ನೆಲ ಸತ್ತುಹೋಗಿತ್ತು. ಗೊಬ್ಬರ ಹೊಡೆದು, ಬದು ಹಾಕಿ, ಅಕ್ಕಡಿ ಸಾಲು ಇಟ್ಟು ನಾನು ಸರಿಮಾಡಿದೆ. ಈಗ ಬದುವಿಗೂ ಗಿಡಕ್ಕೂ ಬಂದ ಹಣ ಬೆಂಗಳೂರಿನಲ್ಲಿರುವ ಅವರ ಖಾತೆಗೆ ಹೋಗಿದೆ. ಕೇಳಿದರೆ ಪಹಣಿ ಯಾರ ಹೆಸರಿನಲ್ಲಿದೆ ನೋಡು ಎನ್ನುತ್ತಾರೆ. ನನಗೆ ಹಕ್ಕಿಲ್ಲವೇ?
(ಆಲೂರು ತಾಲ್ಲೂಕು)

ಉತ್ತರ: ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ನಿಮ್ಮ ಪತ್ರ. ಕಾನೂನಿನ ಕಣ್ಣಿನಲ್ಲಿ ಉತ್ತರ ಕಹಿಯಾಗಿದೆ. ಉಳುವವನೇ ಒಡೆಯ ಎಂಬ ಘೋಷಣೆಯಡಿ ನಮ್ಮ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತಗೊಂಡು ಗೇಣಿದಾರರಿಗೆ ಮಂಜೂರಾದವು. ಅದೇ ಕಾಯ್ದೆಯ 5ನೆಯ ಕಲಮು, ಸೈನಿಕರಂಥ ಕೆಲವರನ್ನು ಬಿಟ್ಟು, ಮುಂದೆ ಯಾರೂ ಕೃಷಿ ಜಮೀನನ್ನು ಗೇಣಿಗೆ ಕೊಡಬಾರದೆಂದು ನಿರ್ಬಂಧಿಸಿತು. ಲಕ್ಷಾಂತರ ಕುಟುಂಬಗಳಿಗೆ ನೆಲ ಕೊಟ್ಟ ಆ ಕಾನೂನನ್ನು ನಾನು ಗೌರವದಿಂದಲೇ ನೋಡುತ್ತೇನೆ. ಆದರೆ ಅದರ ನಂತರವೂ ಗುತ್ತಿಗೆ, ವಾರ, ಕೋರು ಎಲ್ಲವೂ ಹಳ್ಳಿಗಳಲ್ಲಿ ನಡೆದೇ ಇವೆ. ನಿಂತದ್ದು ಅವುಗಳ ಕಾಗದ ಮಾತ್ರ. ಕಾಗದವಿಲ್ಲದ್ದರಿಂದ ಸರ್ಕಾರದ ಮಟ್ಟಿಗೆ ನಿಮ್ಮಂಥ ರೈತರೇ ಇಲ್ಲ. ಸಹಾಯಧನಕ್ಕೆ ಬೇಕಾದ, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಕೊಡುವ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಪಹಣಿಯೊಂದಿಗೆ ಬೆಸೆದಿದೆ. ಪಹಣಿಯ 9ನೆಯ ಕಾಲಂನಲ್ಲಿರುವ ಮಾಲೀಕರ ಹೆಸರಿಗೆ ಹಣ ಹೋಗುತ್ತದೆ. ಸಾಗುವಳಿ ಮಾಡುವವರ ಹೆಸರಿಗೆಂದು 12ನೆಯ ಕಾಲಂ ಇದ್ದರೂ ಅದರಲ್ಲಿ ಸಾಮಾನ್ಯವಾಗಿ ‘ಸ್ವಂತ’ ಎಂದೇ ಬರೆದಿರುತ್ತದೆ.

ಮಾಲೀಕರು ಹೇಳಿದ್ದು ಕಾನೂನಿಗೆ ಸರಿ, ನ್ಯಾಯಕ್ಕೆ ಸರಿಯಲ್ಲ. ಶುಂಠಿಯ ಹೆಸರೆತ್ತಿದ್ದೀರಿ, ಹಾಸನ ಸೀಮೆಯಲ್ಲಿ ಅದರ ಕಥೆ ಎಲ್ಲರಿಗೂ ಗೊತ್ತು. ಒಂದು ಬೆಳೆಗೆಂದು ಬಂದವರು ಏರುಮಡಿ ಮಾಡಲು ಬದುಗಳನ್ನು ಸಮಮಾಡಿ, ನೀರು ಬಸಿಯಲೆಂದು ಇಳಿಜಾರಿನ ಗುಂಟವೇ ಕಾಲುವೆ ಹೊಡೆದು, ಒಂದೇ ಮಳೆಗಾಲದಲ್ಲಿ ಮೇಲ್ಮಣ್ಣನ್ನು ಹಳ್ಳಕ್ಕೆ ಬಿಟ್ಟು ಮುಂದಿನ ಜಮೀನಿಗೆ ಹೋಗುತ್ತಾರೆ. ಕೊಳೆರೋಗ ಬಿದ್ದ ನೆಲದಲ್ಲಿ ಬೇಗನೆ ಮತ್ತೆ ಶುಂಠಿ ಬರುವುದಿಲ್ಲವಾದ್ದರಿಂದ ಆ ನೆಲದ ಮೇಲೆ ಅವರಿಗೆ ಮಮತೆ ಇರಬೇಕಾದ ಕಾರಣವೂ ಇಲ್ಲ. ಅಂಥ ನೆಲಕ್ಕೆ ಎಂಟು ವರ್ಷ ದುಡಿದು ಜೀವ ತಂದವರನ್ನು ಬಿಟ್ಟು, ಅದನ್ನು ಸಾಯಲು ಬಿಟ್ಟವರ ಖಾತೆಗೆ ಮಣ್ಣು ಉಳಿಸಿದ ಹಣ ಹೋಗುವುದು ಯೋಜನೆಯ ಉದ್ದೇಶಕ್ಕೇ ವಿರುದ್ಧ. ಅಮೆರಿಕದ ಯೋಜನೆಯಲ್ಲಾದರೋ, ಗೇಣಿದಾರರಿಗೂ ಪಾಲಿಗೆ ಮಾಡುವವರಿಗೂ ಹಣದಲ್ಲಿ ನ್ಯಾಯವಾದ ಪಾಲು ಸಿಗುವಂತೆ ರಕ್ಷಣೆ ಒದಗಿಸಬೇಕೆಂದು ಅಲ್ಲಿನ ಕಾನೂನಿನಲ್ಲೇ ಬರೆದಿದೆ. ನಮ್ಮ ಯೋಜನೆಗಳ ಮಾರ್ಗಸೂಚಿಗಳಲ್ಲೂ ಅಂಥ ಒಂದು ಸಾಲು ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ನೀವು ಮಾಡಬಹುದಾದುದು ಇಷ್ಟು. ಕೋರ್ಟಿಗೆ ಹೋಗಬೇಡಿ. ಗೇಣಿಯೇ ನಿಷಿದ್ಧವಾಗಿರುವಾಗ ನಿಮ್ಮ ವಾದ ನಿಲ್ಲುವುದು ಕಷ್ಟ; ಗೇಣಿಯ ಮಾತೆತ್ತಿದ್ದೀರೆಂದು ಮಾಲೀಕರು ಹೆದರಿ ನಿಮ್ಮನ್ನು ಎಬ್ಬಿಸಿಬಿಡಲೂಬಹುದು. ಊರಿನಲ್ಲಿ ಇಬ್ಬರೂ ಗೌರವಿಸುವ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಬದುವಿಗೆ ಹಿಡಿದ ಆಳುಗಳ ಕೂಲಿ, ಗೊಬ್ಬರದ ಗಾಡಿಗಳ ಲೆಕ್ಕ, ಗಿಡಗಳ ಆರೈಕೆ ಇವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ನಿಮಗೆ ಬರಬೇಕಾದುದನ್ನು ಕೆಲಸದ ಕೂಲಿಯೆಂದೇ ಕೇಳಿ. ಮೂರನೆಯ ವರ್ಷದ ಗಿಡದ ಹಣ ಇನ್ನೂ ಬರಬೇಕಿದ್ದರೆ ಅದರ ಮಾತನ್ನು ಈಗಲೇ ಆಡಿ ಮುಗಿಸಿ, ಏಕೆಂದರೆ ಗಿಡಗಳು ಉಳಿಯಬೇಕಾದರೆ ಅವರಿಗೂ ನೀವು ಬೇಕು.

ಪ್ರಶ್ನೆ: ಪಹಣಿ ಇನ್ನೂ ತೀರಿಕೊಂಡ ನಮ್ಮ ತಂದೆಯವರ ಹೆಸರಿನಲ್ಲೇ ಇದೆ. ನಾವು ಮೂವರು ಅಣ್ಣತಮ್ಮಂದಿರು, ಒಬ್ಬ ಅಕ್ಕ. ಸಹಾಯಧನಕ್ಕೆ ಅರ್ಜಿ ಹಾಕಿದರೆ ತಿರಸ್ಕರಿಸುತ್ತಿದ್ದಾರೆ.
(ಅರಕಲಗೂಡು ತಾಲ್ಲೂಕು)

ಉತ್ತರ: ತೀರಿಕೊಂಡವರ ಹೆಸರಿಗೆ ಎಫ್‌ಐಡಿ ಆಗುವುದಿಲ್ಲ, ಹಾಗಾಗಿ ಯಾವ ಇಲಾಖೆಯ ಹಣವೂ ಬರುವುದಿಲ್ಲ. ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ವಾರಸುದಾರರೆಲ್ಲರ ಹೆಸರಿನಲ್ಲಿ ಜಂಟಿಯಾಗಿ ಖಾತೆ ಬದಲಾಗುತ್ತದೆ. ವಂಶವೃಕ್ಷದಲ್ಲಿ ಅಕ್ಕನ ಹೆಸರನ್ನು ಬಿಡಬೇಡಿ. ಮದುವೆಯಾಗಿ ಹೋಗಿದ್ದಾರೆಂದು ಬಿಟ್ಟ ಹೆಸರುಗಳಿಂದಲೇ ಎಷ್ಟೋ ಖಾತೆಗಳು ಮುಂದೆ ತಕರಾರಿಗೆ ಸಿಕ್ಕಿಬಿದ್ದಿವೆ. ಅವರ ಹಕ್ಕೂ ನಿಮ್ಮಷ್ಟೇ ಇದೆ. ಜಂಟಿ ಖಾತೆಯಿದ್ದಾಗ ಉಳಿದವರ ಒಪ್ಪಿಗೆ ಪತ್ರ ಪಡೆದು ಒಬ್ಬರು ಅರ್ಜಿ ಹಾಕಬಹುದು. ಪಾಲು ಮಾಡಿಕೊಳ್ಳುವುದಾದರೆ ಪೋಡಿ, ಅಂದರೆ ಅಳತೆ ಮಾಡಿ ಪಾಲುಗಳನ್ನು ಬೇರ್ಪಡಿಸುವ ಕೆಲಸ, ಮಾಡಿಸಿ ಪ್ರತ್ಯೇಕ ಪಹಣಿ ಪಡೆಯುವುದು ಉತ್ತಮ.

ಪ್ರಶ್ನೆ: ಕೃಷಿ ಭಾಗ್ಯದಲ್ಲಿ ಹೊಂಡ ಮಾಡಿಸಿಕೊಳ್ಳಲು ಹೊರಟಿದ್ದೇನೆ. ಬೇಲಿಯ ಖರ್ಚು ಉಳಿಸಬಹುದೇ?
(ಅರಸೀಕೆರೆ ತಾಲ್ಲೂಕು)

ಉತ್ತರ: ದಯವಿಟ್ಟು ಉಳಿಸಬೇಡಿ. 2014–15ರಲ್ಲಿ ಮಳೆಯಾಶ್ರಿತ ತಾಲ್ಲೂಕುಗಳಿಗೆಂದು ಬಂದ ಈ ಯೋಜನೆಯಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನವಿದ್ದು, ಬದು, ಹೊಂಡ, ಒಳಹೊದಿಕೆ, ನೀರೆತ್ತುವ ಪಂಪು, ತುಂತುರು ಅಥವಾ ಹನಿ ನೀರಾವರಿಯ ಜೊತೆಗೆ ಸುತ್ತ ತಂತಿಬೇಲಿಯೂ ಸೇರಿದೆ. ಪಾಲಿಥೀನ್ ಹಾಳೆ ಹಾಸಿದ ಹೊಂಡದ ಅಂಚು ಪಾಚಿಗಟ್ಟಿ ಜಾರುತ್ತದೆ. ಬಿದ್ದವರಿಗೆ ಕೈಯೂರಿ ಹತ್ತಲು ಹಿಡಿತವೇ ಸಿಗುವುದಿಲ್ಲ. ಈಜು ಬಲ್ಲವರೂ ಮುಳುಗಿದ್ದಾರೆ. ನೀರು ನೋಡಲು ಹೋದ ಮಕ್ಕಳು ಮತ್ತು ಅವರನ್ನು ಎತ್ತಲು ಇಳಿದ ತಾಯಂದಿರು ಹೀಗೆ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಬೇಲಿಯ ಜೊತೆಗೆ ಗೂಟಕ್ಕೆ ಬಿಗಿದ ಗಂಟುಹಗ್ಗವೊಂದನ್ನು ನೀರಿನವರೆಗೆ ಇಳಿಬಿಡಿ. ಹಳೆಯ ಟೈರುಗಳನ್ನು ಕಟ್ಟಿದರೂ ಆಗುತ್ತದೆ.

ಹೊಂಡಕ್ಕೆ ನೀರು ಬರುವ ದಾರಿಯಲ್ಲಿ ಹೂಳು ನಿಲ್ಲುವ ಸಣ್ಣ ಗುಂಡಿಯನ್ನು ತೋಡಿ, ಪ್ರತಿ ಬೇಸಿಗೆಯಲ್ಲಿ ಅದನ್ನು ಬಳಿದು ಆ ಮಣ್ಣನ್ನು ಹೊಲಕ್ಕೇ ಹಾಕಿ. ಸಕಲೇಶಪುರದ ಮಳೆಯ ಸುಮಾರು ಮೂರನೆಯ ಒಂದು ಪಾಲಷ್ಟೇ ಬೀಳುವ ನಿಮ್ಮ ಕಡೆ, ರಾಗಿ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಕೊಡುವ ಒಂದೇ ನೀರಿಗೆ ಈ ಹೊಂಡದ ಬೆಲೆ ತಿಳಿಯುತ್ತದೆ. ತೆಂಗಿಗೆ ವರ್ಷವಿಡೀ ಹರಿಸಲು ಅದು ಸಾಲದು. ಅರ್ಜಿಯನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೊಡಿ.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ಬದು, ಹೊಂಡ, ಗಿಡಗಳ ಹೆಸರಿನಲ್ಲಿ ಐದಾರು ವರ್ಷಗಳಲ್ಲಿ ಯಾರಿಗೆ ಎಷ್ಟು ಹಣ ಬಂದಿದೆ ಎಂದು ತಿಳಿಯಬಹುದೇ? ಕೇಳಿದರೆ ಅದು ಅವರವರ ಖಾಸಗಿ ವಿಷಯ ಎನ್ನುತ್ತಾರೆ.
(ತರೀಕೆರೆ ತಾಲ್ಲೂಕು)

ಉತ್ತರ: ಖಾಸಗಿಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನ 12ನೆಯ ಅಂಶವು, ಸಹಾಯಧನ ಕಾರ್ಯಕ್ರಮಗಳನ್ನು ಹೇಗೆ ಜಾರಿಗೊಳಿಸಲಾಗುತ್ತಿದೆ, ಎಷ್ಟು ಮೊತ್ತ ಹಂಚಿಕೆಯಾಗಿದೆ ಮತ್ತು ಫಲಾನುಭವಿಗಳು ಯಾರು ಎಂಬುದನ್ನು ಪ್ರತಿ ಸಾರ್ವಜನಿಕ ಕಚೇರಿಯೂ ಯಾರೂ ಕೇಳದೆ ತಾನಾಗಿಯೇ ಪ್ರಕಟಿಸಬೇಕೆಂದು ಹೇಳುತ್ತದೆ. ಕಡೂರಿನ ಓದುಗರ ಮಗಳು ಅಮೆರಿಕದಲ್ಲಿ ಕಂಡ ಪಟ್ಟಿಯನ್ನು ಒಂದು ಸಂಸ್ಥೆ ದಾಖಲೆ ಕೇಳಿ ಪಡೆದು ಸಿದ್ಧಪಡಿಸಬೇಕಾಯಿತು. ನಮ್ಮ ಕಾನೂನು ಅಂಥ ಪಟ್ಟಿಯನ್ನು ಕಚೇರಿಯ ಕರ್ತವ್ಯವೆಂದೇ ವಿಧಿಸಿದೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ ಖಾಸಗಿ. ಹೆಸರು, ಊರು, ಕಾಮಗಾರಿ ಮತ್ತು ಮೊತ್ತ ಖಾಸಗಿಯಲ್ಲ.

ಬದು ಮತ್ತು ಹೊಂಡಕ್ಕೆ ಕೃಷಿ ಇಲಾಖೆಯಲ್ಲೂ, ಉದ್ಯೋಗ ಖಾತರಿಯಲ್ಲಿ ಆದ ಕೆಲಸಗಳಿಗೆ ಗ್ರಾಮ ಪಂಚಾಯಿತಿಯಲ್ಲೂ, ಗಿಡಗಳಿಗೆ ವಲಯ ಅರಣ್ಯ ಕಚೇರಿಯಲ್ಲೂ ಬೇರೆಬೇರೆಯಾಗಿ ಅರ್ಜಿ ಕೊಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಹೀಗೆ ಬರೆದರೆ ಸಾಕು: ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇಂಥ ಯೋಜನೆಯಡಿ ಸಹಾಯಧನ ಪಡೆದ ಫಲಾನುಭವಿಗಳ ಹೆಸರು, ಗ್ರಾಮ, ಸರ್ವೆ ನಂಬರು, ಕಾಮಗಾರಿಯ ವಿವರ ಹಾಗೂ ಪಾವತಿಸಿದ ಮೊತ್ತದ ಪಟ್ಟಿಯ ದೃಢೀಕೃತ ಪ್ರತಿ.’ ಏಕೆ ಕೇಳುತ್ತಿದ್ದೀರೆಂದು ನೀವು ಕಾರಣ ಕೊಡಬೇಕಾಗಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಅಪೂರ್ಣವಾಗಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಿಗೂ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೂ ಹೋಗಬಹುದು.

ಪಟ್ಟಿ ಕೈಗೆ ಬಂದ ಮೇಲೆ ಅದನ್ನು ಹಿಡಿದು ಒಬ್ಬರೇ ಯಾರ ಮನೆಯ ಮುಂದೆಯೂ ನಿಲ್ಲಬೇಡಿ. ಗ್ರಾಮಸಭೆಯ ದಿನ ಗಟ್ಟಿಯಾಗಿ ಓದಿಸಿ. ಸರ್ವೆ ನಂಬರು ಓದಿದ ಕೂಡಲೇ ಅಲ್ಲಿ ಬದು ಇದೆಯೋ ಇಲ್ಲವೋ, ಗಿಡ ನಿಂತಿದೆಯೋ ಒಣಗಿದೆಯೋ ಎಂಬುದನ್ನು ಆ ದಾರಿಯಲ್ಲಿ ದಿನವೂ ದನ ಹೊಡೆದುಕೊಂಡು ಹೋಗುವವರೇ ಹೇಳುತ್ತಾರೆ. ಆ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಸಹಿ ಹಾಕಿಸಿಕೊಂಡು ಬನ್ನಿ.